ಫಾರ್‌ಈಚ್ ಒಳಗೆ ಐಟಂ ತೆಗೆದ್ರೆ ಎಕ್ಸೆಪ್ಷನ್ ಬರ್ತಿದೆ, ಎನ್ಯೂಮರೇಟರ್ ಜೊತೆ ಒದ್ದಾಡಿದೋರು ಅನುಭವ ಹೇಳಿ

ಎಲ್ರಿಗೂ ನಮಸ್ಕಾರ. ಸಿ ಶಾರ್ಪ್ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಶುರು ಮಾಡಿ ಮೂರು ತಿಂಗಳಾಯ್ತು. ಆರ್ಡರ್‌ಗಳ ಲಿಸ್ಟ್ ಮೇಲೆ ಫಾರ್‌ಈಚ್ (ಒಂದೊಂದೇ ಐಟಂ ಎತ್ಕೊಡೋ ಲೂಪ್) ಓಡಿಸ್ತಾ, ಕ್ಯಾನ್ಸಲ್ ಆಗಿರೋದನ್ನ ಅಲ್ಲೇ ರಿಮೂವ್ ಮಾಡಿದೆ, ಕಲೆಕ್ಷನ್ (ಅಂದ್ರೆ ಆ ಲಿಸ್ಟ್) ಬದಲಾಗಿದೆ ಅಂತ ಎಕ್ಸೆಪ್ಷನ್, ಅಂದ್ರೆ ಓಡ್ತಾ ಇರುವಾಗ ಬರೋ ಎರರ್, ಬಂತು. ಹುಡುಕಿದ್ರೆ ಒಬ್ರು ಐಎನ್ಯೂಮರಬಲ್ ಅಂತಾರೆ, ಇನ್ನೊಬ್ರು ಐಎನ್ಯೂಮರೇಟರ್ ಅಂತಾರೆ, ಎರಡೂ ಒಂದೇನಾ ಬೇರೆನಾ ಗೊತ್ತಾಗ್ತಿಲ್ಲ. ಸುಮ್ನೆ ಇಂಡೆಕ್ಸ್ ಇಟ್ಕೊಂಡು ಫಾರ್ ಲೂಪ್‌ನಲ್ಲೇ ಇದ್ಬಿಡ್ಲಾ? ಕೈ ಸುಟ್ಕೊಂಡೋರು ಯಾರಾದ್ರೂ ಹೇಳಿ.

— ಉತ್ತರ 1

ಈ ಎಕ್ಸೆಪ್ಷನ್ ನೋಡದೆ ಇರೋ ಪ್ರೋಗ್ರಾಮರ್ ಇಲ್ಲ ಬಿಡಿ. ನನಗೆ ಅರ್ಥ ಆಗಿದ್ದು ಹೀಗೆ: ಕಲೆಕ್ಷನ್ ಅಂದ್ರೆ ಪುಸ್ತಕ, ಎನ್ಯೂಮರೇಟರ್ ಅಂದ್ರೆ ಸಾಲಿನ ಮೇಲೆ ಇಟ್ಟಿರೋ ಬೆರಳು. ಐಎನ್ಯೂಮರಬಲ್ ಅಂದ್ರೆ "ನನ್ನನ್ನ ಬೆರಳಿಟ್ಟು ಓದಬಹುದು" ಅಂತ ಪುಸ್ತಕ ಕೊಡೋ ಮಾತು, ಅಷ್ಟೇ, ಗೆಟ್‌ಎನ್ಯೂಮರೇಟರ್ ಕರೆದಾಗ ಒಂದು ಬೆರಳು ಕೊಡುತ್ತೆ. ಆ ಬೆರಳು ಮೊದಲು ಇರೋದು ಮೊದಲನೇ ಐಟಂ ಮೇಲಲ್ಲ, ಅದಕ್ಕೂ ಹಿಂದೆ, ಹಾಗಾಗಿ ಮೂವ್‌ನೆಕ್ಸ್ಟ್ (ಬೆರಳನ್ನ ಮುಂದಕ್ಕೆ ಸರಿಸೋದು) ಒಂದ್ಸಲ ಕರೆದ ಮೇಲೇನೇ ಕರೆಂಟ್‌ನಲ್ಲಿ (ಬೆರಳಡಿ ಇರೋ ಐಟಂ) ಏನಾದ್ರೂ ಸಿಗೋದು, ಮುಂದೆ ಏನೂ ಇಲ್ಲ ಅಂದ್ರೆ ಮೂವ್‌ನೆಕ್ಸ್ಟ್ ಫಾಲ್ಸ್ ಕೊಡುತ್ತೆ. ಫಾರ್‌ಈಚ್ ಬರೆದಾಗ ಕಂಪೈಲರ್ ಒಳಗೆ ಇದನ್ನೇ ಒಂದು ವೈಲ್ ಲೂಪ್ ಮಾಡಿ, ಕೊನೆಗೆ ಡಿಸ್ಪೋಸ್ (ಹಿಡಿದಿದ್ದನ್ನ ಬಿಟ್ಟುಕೊಡೋ ಕರೆ) ಕೂಡ ಸೇರಿಸುತ್ತೆ.

ಲಿಸ್ಟ್ ಒಳಗೆ ಒಂದು ವರ್ಷನ್ ನಂಬರ್ ಇರುತ್ತೆ, ಆಡ್ ರಿಮೂವ್ ಮಾಡಿದಾಗೆಲ್ಲ ಅದು ಏರುತ್ತೆ. ಬೆರಳು ಹುಟ್ಟಿದಾಗ ಇದ್ದ ನಂಬರ್‌ಗೂ ಈಗಿನದಕ್ಕೂ ಹೊಂದದೇ ಇದ್ರೆ ಮುಂದಿನ ಮೂವ್‌ನೆಕ್ಸ್ಟ್‌ನಲ್ಲಿ ಎಕ್ಸೆಪ್ಷನ್. ಮುಂದಿನದ್ರಲ್ಲಿ ಅನ್ನೋದು ನೆನಪಿರಲಿ, ಅದಕ್ಕೇ ರಿಮೂವ್ ಮಾಡಿದ ತಕ್ಷಣ ಬ್ರೇಕ್ ಹಾಕಿದ್ರೆ ಏನೂ ಆಗಲ್ಲ. ನಿಮ್ಮ ಕೆಲಸಕ್ಕೆ ರಿಮೂವ್‌ಆಲ್ (ಷರತ್ತಿಗೆ ಹೊಂದೋದನ್ನೆಲ್ಲ ಒಟ್ಟಿಗೆ ತೆಗೆಯೋದು) ಸಾಕು, ಒಂದೇ ಸಾಲು. ಇಂಡೆಕ್ಸೇ ಬೇಕು ಅಂದ್ರೆ ಕೊನೆಯಿಂದ ಮೊದಲಿಗೆ ಬನ್ನಿ, ಮೊದಲಿನಿಂದ ಹೋದ್ರೆ ಒಂದು ತೆಗೆದಾಗ ಅದರ ಪಕ್ಕದ್ದು ತಪ್ಪಿಹೋಗುತ್ತೆ.

— ಉತ್ತರ 2

ಎಕ್ಸೆಪ್ಷನ್ ಬಂತಲ್ಲ ಅಂತ ಖುಷಿಪಡಿ. ನಾನು ಜಾವಾದಲ್ಲಿ ಇದೇ ತಪ್ಪು ಮಾಡಿದ್ದೆ, ಎರರ್ರೇ ಬರ್ಲಿಲ್ಲ! ಅರೇಲಿಸ್ಟ್‌ನಲ್ಲಿ (ಜಾವಾದ ಲಿಸ್ಟ್) 5 ಐಟಂ ಇದ್ದು ಲೂಪ್ ಒಳಗೆ 4ನೇದನ್ನ ತೆಗೆದ್ರೆ ಸೈಜ್ 4 ಆಗುತ್ತೆ, ಕರ್ಸರ್ (ಎಷ್ಟು ಓದಾಯ್ತು ಅನ್ನೋ ಲೆಕ್ಕ) ಕೂಡ 4ರಲ್ಲೇ ಇರುತ್ತೆ, ಇನ್ನೂ ಇದೆಯಾ ಅಂತ ನೋಡೋ ಹ್ಯಾಸ್‌ನೆಕ್ಸ್ಟ್ "ಮುಗೀತು" ಅನ್ನುತ್ತೆ, 5ನೇದನ್ನ ನೋಡೋದೇ ಇಲ್ಲ. ಬೇರೆ ಯಾವ್ದನ್ನ ತೆಗೆದ್ರೂ ಎಕ್ಸೆಪ್ಷನ್ ಬರುತ್ತೆ, ಕೊನೆಯಿಂದ ಎರಡನೇದಕ್ಕೆ ಮಾತ್ರ ಈ ಕಳ್ಳಾಟ, ಹಿಡಿಯೋಕೆ ಎರಡು ದಿನ ಹೋಯ್ತು ನಂದು. ಜಾವಾದೋರು ಇಟರೇಟರ್‌ನ (ಅಲ್ಲಿನ ಬೆರಳು) ರಿಮೂವನ್ನೇ ಕರೀರಿ, ಇಲ್ಲ ಜಾವಾ 8ರಿಂದ ಇರೋ ರಿಮೂವ್‌ಇಫ್ ಬಳಸಿ. ಪೈಥಾನ್ ಲಿಸ್ಟ್ ಇನ್ನೂ ಮೌನಿ: 1, 2, 2, 3 ಇರೋ ಲಿಸ್ಟ್ ಮೇಲೆ ಓಡ್ತಾ 2 ಸಿಕ್ಕಾಗೆಲ್ಲ ತೆಗೀರಿ, ಒಂದು 2 ಅಲ್ಲೇ ಕೂತಿರುತ್ತೆ.

— ಉತ್ತರ 3

ಸಿ ಶಾರ್ಪ್‌ನ ಡಿಕ್ಷನರಿ (ಕೀ ಕೊಟ್ರೆ ಬೆಲೆ ಕೊಡೋ ಕಲೆಕ್ಷನ್) ಬಗ್ಗೆ ಒಂದು ಮಾತು, ಸಿ ಶಾರ್ಪ್ ಓಡೋ ವೇದಿಕೆ ಡಾಟ್‌ನೆಟ್ ಕೋರ್ 3.0ರಿಂದ ಲೂಪ್ ಒಳಗೇ ಕೀ ರಿಮೂವ್ ಮಾಡಿದ್ರೆ ಎಕ್ಸೆಪ್ಷನ್ ಬರಲ್ಲ, ಹಳೇ ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ ಅದೇ ಕೋಡ್ ಎಕ್ಸೆಪ್ಷನ್ ಕೊಟ್ಟು ಬೀಳುತ್ತೆ. ಆಡ್ ಮಾಡಿದ್ರೆ ಎರಡರಲ್ಲೂ ಬೀಳುತ್ತೆ. ಲಿಸ್ಟ್‌ಗೆ ಈ ರಿಯಾಯಿತಿ ಇಲ್ಲ.

— ಉತ್ತರ 4

ನನ್ನ ಗಾಯ ಬೇರೆ, ಸಿ ಶಾರ್ಪ್‌ನ ಯೀಲ್ಡ್ ರಿಟರ್ನ್‌ದು (ಕೇಳಿದಾಗ ಮಾತ್ರ ಒಂದೊಂದೇ ಐಟಂ ಕೊಡೋದು). ದೊಡ್ಡ ಲಾಗ್ ಫೈಲ್ ಒಂದೊಂದೇ ಸಾಲು ಓದೋಕೆ ಯೀಲ್ಡ್ ಹಾಕಿ ಒಂದು ಮೆಥಡ್ ಬರೆದೆ, ಇನ್ನೊಂದು ಮೆಥಡ್‌ನಲ್ಲಿ ಯೂಸಿಂಗ್ ಬ್ಲಾಕ್‌ನಲ್ಲಿ (ಹೊರಬಂದಾಗ ಫೈಲ್ ತಾನೇ ಮುಚ್ಚುತ್ತೆ) ಫೈಲ್ ತೆರೆದು, ಅದನ್ನ ಈ ಮೆಥಡ್‌ಗೆ ಕೊಟ್ಟು, ಬಂದಿದ್ದನ್ನ ಹಾಗೇ ರಿಟರ್ನ್ ಮಾಡಿದೆ. ಓಡಿಸಿದ್ರೆ ಫೈಲ್ ಆಗ್ಲೇ ಮುಚ್ಚಿದೆ ಅನ್ನೋ ಎರರ್. ಯಾಕಂದ್ರೆ ಯೀಲ್ಡ್ ಇರೋ ಮೆಥಡ್ ಕರೆದಾಗ ಒಳಗಿನ ಒಂದು ಸಾಲೂ ಓಡಲ್ಲ, ಮೊದಲ ಮೂವ್‌ನೆಕ್ಸ್ಟ್ ಬಂದಾಗ್ಲೇ ಎಚ್ಚರ ಆಗೋದು, ಅಷ್ಟೊತ್ತಿಗೆ ಯೂಸಿಂಗ್ ಬಾಗಿಲು ಹಾಕ್ಕೊಂಡು ಹೋಗಿತ್ತು. ಯೂಸಿಂಗನ್ನ ಯೀಲ್ಡ್ ಇರೋ ಮೆಥಡ್ ಒಳಗೇ ಇಟ್ಟೆ, ಸರಿಹೋಯ್ತು, ಲೂಪ್ ಮಧ್ಯೆ ಬ್ರೇಕ್ ಆದ್ರೂ ಫಾರ್‌ಈಚ್ ಡಿಸ್ಪೋಸ್ ಕರೆಯೋದ್ರಿಂದ ಫೈಲ್ ಮುಚ್ಚುತ್ತೆ.

ಲಿಂಕ್ (LINQ, ಸಿ ಶಾರ್ಪ್‌ನಲ್ಲೇ ಡೇಟಾ ಹುಡುಕೋ ವಿಧಾನ) ಕ್ವೆರಿನೂ ಹೀಗೇ ಸೋಮಾರಿ, ಕೇಳಿದಾಗ್ಲೇ ಓಡೋದು. ಡೇಟಾಬೇಸ್ ಕ್ವೆರಿ ಮೇಲೆ ಮೊದಲು ಕೌಂಟ್ ಕೇಳಿ ಆಮೇಲೆ ಫಾರ್‌ಈಚ್ ಓಡಿಸಿದ್ರೆ ಡೇಟಾಬೇಸ್‌ಗೆ ಎರಡು ಸಲ ಹೋಗಿ ಬರುತ್ತೆ. ಫಲಿತಾಂಶ ಎರಡು ಸಲ ಬೇಕು ಅಂದ್ರೆ ಟುಲಿಸ್ಟ್ (ಎಲ್ಲಾನೂ ಒಂದ್ಸಲ ತಂದು ಲಿಸ್ಟ್‌ಗೆ ಹಾಕೋದು) ಮಾಡಿ ಇಟ್ಕೊಳ್ಳಿ, ಹಾಗಂತ ಎಲ್ಲದಕ್ಕೂ ಟುಲಿಸ್ಟ್ ಜಡಿಯೋ ಚಟ ಬೇಡ, ಮೆಮೊರಿ ತಿನ್ನುತ್ತೆ.

— ಪ್ರಶ್ನೆ ಕೇಳಿದವರು

ರಿಮೂವ್‌ಆಲ್ ಹಾಕಿದೆ, ಹತ್ತು ಸಾಲು ಹೋಗಿ ಒಂದಾಯ್ತು, ಥ್ಯಾಂಕ್ಸ್. ಬೆರಳಿನ ಮಾತು ಚೆನ್ನಾಗಿ ಹಿಡೀತು. ಹಾಗಾದ್ರೆ ಒಂದೇ ಲಿಸ್ಟ್ ಮೇಲೆ ಒಂದರೊಳಗೊಂದು ಎರಡು ಫಾರ್‌ಈಚ್ ಓಡಿಸಿದ್ರೆ ಬೆರಳು ಗಲಿಬಿಲಿ ಆಗಲ್ವಾ?

— ಉತ್ತರ 1

ಆಗಲ್ಲ. ಪ್ರತಿ ಫಾರ್‌ಈಚ್ ತನ್ನದೇ ಬೆರಳು ತಗೊಳ್ಳುತ್ತೆ, ಪುಸ್ತಕ ಒಂದೇ. ಓದೋದು ಹತ್ತು ಜನ ಓದಿ, ಹಾಳೆ ಕೀಳ್ಬೇಡಿ ಅಷ್ಟೇ.