‘ತಿದ್ದು’ ಅಂದರೆ ಅನುಮಾನ ಬರುತ್ತದೆ: ಫೋಟೋ ಎಡಿಟ್ ಮಾಡುವುದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಶಿಕಾರಿಪುರ, ಸೊರಬ ಕಡೆಯ ವೀರಗಲ್ಲು (ಹೋರಾಡಿ ಸತ್ತವರ ನೆನಪಿನ ಕಲ್ಲು), ಮಾಸ್ತಿಕಲ್ಲು (ಸತಿ ಹೋದವರ ನೆನಪಿನ ಕಲ್ಲು) ಇವುಗಳ ಫೋಟೋ ತೆಗೆದು ಜೋಡಿಸಿಡುವ ಕೆಲಸವನ್ನು ನಾವು ಕೆಲವರು ಮಾಡುತ್ತಿದ್ದೇವೆ. ಹೊಸದಾಗಿ ಸೇರುವವರಿಗೆ ಡಿಜಿಕ್ಯಾಮ್ ಮತ್ತು ಡಾರ್ಕ್‌ಟೇಬಲ್ ಕಲಿಸಬೇಕು. ಎರಡೂ ದುಡ್ಡಿಲ್ಲದೆ ಸಿಗುವ ತಂತ್ರಾಂಶಗಳು. ಮೊದಲನೆಯದನ್ನು ಫೋಟೋ ಜೋಡಿಸಿಡಲು ಬಳಸುತ್ತೇವೆ, ಎರಡನೆಯದನ್ನು ಬೆಳಕು, ಬಣ್ಣ ಸರಿ ಮಾಡಲು. ಇದಕ್ಕೊಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ‘ಎಡಿಟ್’ ಬರುವ ಕಡೆಯೆಲ್ಲ ಕೈ ನಿಲ್ಲುತ್ತಿದೆ. ನಿಮ್ಮ ಸಲಹೆ ಬೇಕು.

‘ಸಂಪಾದನೆ’ ಪುಸ್ತಕಕ್ಕೆ, ಪತ್ರಿಕೆಗೆ ಒಗ್ಗಿದ ಪದ. ಫೋಟೋಗೆ ಕೂರುವುದಿಲ್ಲ. ಬಾಯಿಗೆ ತಾನಾಗಿ ಬರುವುದು ‘ತಿದ್ದು’. ಬೊಟ್ಟು ತಿದ್ದುತ್ತೇವೆ, ಮೀಸೆ ತಿದ್ದುತ್ತೇವೆ, ಮಗು ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತದೆ. ತಪ್ಪು ಸರಿಪಡಿಸುವುದು, ಅಂದಗೊಳಿಸುವುದು ಎರಡೂ ಆ ಒಂದೇ ಪದದಲ್ಲಿವೆ. ಮದುವೆ ಫೋಟೋಗೆ ಇಷ್ಟು ಸಾಕು. ಆದರೆ ದಾಖಲೆಯ ಪಕ್ಕ ಬಂದ ಕೂಡಲೇ ಈ ಪದದ ಬಣ್ಣ ಬದಲಾಗುತ್ತದೆ. ‘ಪಹಣಿ ತಿದ್ದಿದ್ದಾರೆ’, ‘ಅಂಕಪಟ್ಟಿ ತಿದ್ದಿದ್ದಾರೆ’ ಅಂದರೆ ಮೋಸ ಮಾಡಿದ್ದಾರೆ ಅಂತಲೇ ಅರ್ಥ. ಈ ಕಲ್ಲುಗಳ ಮೇಲಿನ ಶಾಸನದ ಫೋಟೋ ಕೂಡ ದಾಖಲೆಯೇ ಅಲ್ವಾ? ‘ತಿದ್ದಿದ ಫೋಟೋ’ ಅಂತ ಕೆಳಗೆ ಬರೆದರೆ ಓದುವವರು ಅದನ್ನು ನಂಬುವುದು ಹೇಗೆ?

ಈ ಅನುಮಾನ ಸುಮ್ನೆ ಬಂದದ್ದಲ್ಲ. ‘ಎಡಿಟ್’ ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸ ನಡೆಯುತ್ತವೆ.

ಒಂದು, ಬೆಳಕಿನ ಕೆಲಸ. ಸವೆದ ಕಲ್ಲಿನ ಮೇಲೆ ನೇರ ಬಿಸಿಲು ಬಿದ್ದರೆ ಅಕ್ಷರ ಕಾಣುವುದೇ ಕಷ್ಟ. ಬೆಳಗ್ಗೆಯೋ ಸಂಜೆಯೋ ಓರೆ ಬೆಳಕು ಬಿದ್ದಾಗ ಕೊರೆದ ಗೆರೆಗಳಲ್ಲಿ ನೆರಳು ನಿಲ್ಲುತ್ತದೆ, ಅಕ್ಷರ ಎದ್ದು ಕಾಣುತ್ತದೆ. ಆ ನೆರಳಿಗೂ ಬೆಳಕಿಗೂ ಇರುವ ಅಂತರವನ್ನು ಡಾರ್ಕ್‌ಟೇಬಲ್‌ನಲ್ಲಿ ಇನ್ನಷ್ಟು ಹೆಚ್ಚಿಸಬಹುದು. ರಾ ಫೈಲಿನಲ್ಲೇ (ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಹಾಗೇ ಇಡುವ ಫೈಲು) ಫೋಟೋ ತೆಗೆಯಿರಿ ಅಂತ ಹೇಳುವುದು ಇದಕ್ಕೇ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮಟ್ಟಗಳಷ್ಟೇ. 14 ಬಿಟ್ ರಾ ಫೈಲಿನಲ್ಲಿ 16,384. ನೆರಳಿನಲ್ಲಿ ಅಡಗಿದ್ದನ್ನು ಮೇಲಕ್ಕೆ ತರಲು ಅವಕಾಶ ಜಾಸ್ತಿ. ಇಲ್ಲಿ ಮೂಲ ಫೋಟೋ ಹಾಗೇ ಉಳಿಯುತ್ತದೆ. ನಾವು ಏನೇನು ಮಾಡಿದೆವು ಅನ್ನುವುದು ಪಕ್ಕದಲ್ಲಿ ಎಕ್ಸ್‌ಎಂಪಿ ಅನ್ನುವ ಪುಟ್ಟ ಫೈಲಿನಲ್ಲಿ ದಾಖಲಾಗುತ್ತದೆ. ಬೇಕೆಂದಾಗ ಹಿಂದಿನ ಹಂತಕ್ಕೆ ಹೋಗಬಹುದು, ಕ್ಯಾಮೆರಾದಿಂದ ಬಂದ ಸ್ಥಿತಿಯನ್ನೇ ಮತ್ತೆ ನೋಡಬಹುದು.

ಇನ್ನೊಂದು, ಚಿತ್ರ ಬದಲಿಸುವ ತಂತ್ರಾಂಶವಾದ ಜಿಂಪ್‌ನ ಕ್ಲೋನ್ ಉಪಕರಣದಿಂದ ಮಾಡುವ ಕೆಲಸ. ಫೋಟೋದ ಒಂದು ಕಡೆಯ ಚುಕ್ಕೆಗಳನ್ನು ಎತ್ತಿ ಇನ್ನೊಂದು ಕಡೆ ಬಳಿಯುವುದು. ಹಿನ್ನೆಲೆಯ ಕರೆಂಟ್ ಕಂಬ ಮಾಯವಾಗಲಿ, ನಡೆಯುತ್ತದೆ ಅನ್ನಿಸಬಹುದು. ಅದೇ ಕೈ ಕಲ್ಲಿನ ಮೇಲೆ ಆಡಿದರೆ? ‘ಪ’ದ ಒಳಗೆ ಒಂದು ಗೆರೆ ಬಂದರೆ ಅದು ‘ಷ’. ಮುಂದೆ ಆ ಫೋಟೋ ನೋಡಿ ಶಾಸನ ಓದುವವರಿಗೆ, ಅದು ಕಲ್ಲಿನಲ್ಲಿದ್ದ ಗೆರೆಯೋ ಕಂಪ್ಯೂಟರಿನಲ್ಲಿ ಬಂದ ಗೆರೆಯೋ ತಿಳಿಯುವುದಿಲ್ಲ. ಕಲಿಯುವವರಿಗೆ ಮೊದಲ ದಿನವೇ ಈ ವ್ಯತ್ಯಾಸ ಗೊತ್ತಾಗಬೇಕು. ಅದಕ್ಕೇ ಎರಡಕ್ಕೂ ಒಂದೇ ಪದ ಬೇಡ ಅನ್ನುವುದು ನನ್ನ ಹಟ.

ಎರಡನೆಯದನ್ನು ‘ತಿದ್ದು’ ಅಂತಲೇ ಕರೆಯೋಣ. ಆ ಪದಕ್ಕೆ ಅಂಟಿದ ಅನುಮಾನ ಅಲ್ಲಿಗೆ ಸರಿಯಾಗಿಯೇ ಇದೆ. ಮೊದಲನೆಯದಕ್ಕೆ ‘ಹದ ಮಾಡು’ ಅನ್ನಬಹುದೇ? ಬೆಳಕು ಹದ ಮಾಡು, ಬಣ್ಣ ಹದ ಮಾಡು. ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು ಅನ್ನುವ ಎಚ್ಚರ ಆ ಪದದಲ್ಲೇ ಇದೆ. ಬಿತ್ತನೆಗೆ ಮುಂಚೆ ಹೊಲ ಹದ ಮಾಡಿದರೆ ಅದು ಬೇರೆ ಹೊಲ ಆಗುವುದಿಲ್ಲವಲ್ಲ. ಆದರೆ ನಮ್ಮಲ್ಲೇ ಒಬ್ಬರು ತಕರಾರು ತೆಗೆದರು: ‘ತೊಗಲು ಹದ ಮಾಡು’ ಅಂತಲೂ ಇದೆ, ಅಲ್ಲಿ ಹದ ಮಾಡಿದ ಮೇಲೆ ತೊಗಲು ಮೊದಲಿನಂತೆ ಆಗುವುದಿಲ್ಲ. ಮಾತು ನಿಜ. ಆದರೂ ಫೋಟೋ, ಬೆಳಕು ಅಂದಾಗ ತೊಗಲಿನ ಹದ ಯಾರಿಗೂ ನೆನಪಾಗಲಾರದು ಅನ್ನುವುದು ನನ್ನ ಲೆಕ್ಕ.

ಫಿಲ್ಮ್ ಕಾಲದಲ್ಲಿ ‘ರೀಲು ತೊಳೆಸಿ ಪ್ರಿಂಟ್ ಹಾಕಿಸು’ ಅನ್ನುತ್ತಿದ್ದೆವು. ಡಾರ್ಕ್‌ಟೇಬಲ್‌ನ ರೀತಿಯೂ ಅದೇ: ನೆಗೆಟಿವ್ ಹಾಗೇ ಇರುತ್ತದೆ, ಬೇಕಾದಷ್ಟು ಪ್ರಿಂಟ್ ತೆಗೆಯಬಹುದು. ‘ತೊಳೆ’ ನನಗೆ ಇಷ್ಟದ ಪದ. ಆದರೆ ರೀಲು ಕಾಣದೆ ಬೆಳೆದ ಹುಡುಗರಿಗೆ ಅದು ತಲುಪುವುದಿಲ್ಲ. ಕೊನೆಗೆ ಹೊರತೆಗೆಯುವ ಜೆಪೆಗ್‌ಗೆ ‘ಪಡಿಯಚ್ಚು’ ಅನ್ನೋಣ ಅಂತಲೂ ಮಾತು ಬಂತು. ಶಾಸನದವರು ಆ ಪದವನ್ನು ಕಲ್ಲಿನ ಮೇಲೆ ಕಾಗದ ಒತ್ತಿ, ಮಸಿ ತಟ್ಟಿ ತೆಗೆಯುವ ಪ್ರತಿಗೆ ಬಳಸುತ್ತಾರೆ. ನಮ್ಮ ಸಂಗ್ರಹದಲ್ಲಿ ಅವುಗಳ ಫೋಟೋಗಳೂ ಇವೆ. ಗೊಂದಲ ಬೇಡ ಅಂತ ‘ಪ್ರತಿ’ ಅಂತಷ್ಟೇ ಇಟ್ಟಿದ್ದೇನೆ.

ಜೋಡಿಸಿಡುವ ಕಡೆ ತೊಂದರೆ ಕಡಿಮೆ. ಡಿಜಿಕ್ಯಾಮ್‌ನಲ್ಲಿ ಒಂದೊಂದು ಫೋಟೋಗೂ ಬೇಕು, ಬೇಡ, ಆಮೇಲೆ ನೋಡೋಣ ಅಂತ ಗುರುತು ಹಾಕಬಹುದು. ಅದಕ್ಕೆ ‘ಆರಿಸು’ ಸಲೀಸಾಗಿ ಒಪ್ಪುತ್ತದೆ. ಹೂವು ಆರಿಸುವುದು ಒಳ್ಳೆಯದನ್ನು ಎತ್ತಿಕೊಳ್ಳಲು, ಅಕ್ಕಿ ಆರಿಸುವುದು ಬೇಡದ್ದನ್ನು ತೆಗೆದುಹಾಕಲು. ಎರಡೂ ಬೇಕು. ‘ಟ್ಯಾಗ್’ ಹಾಗೇ ಇರಲಿ, ಎಲ್ಲರ ಬಾಯಲ್ಲೂ ಇದೆ. ಟ್ಯಾಗ್‌ಗಳ ಒಳಗೆ ಮಾತ್ರ ಕನ್ನಡವೇ ಇರಬೇಕು: ವೀರಗಲ್ಲು, ಅದರ ಕೆಳಗೆ ತುರುಗೊಳ್ (ದನ ಕಾಯಲು ನಡೆದ ಕಾಳಗ), ಪೆಣ್ಬುಯ್ಯಲ್ (ಹೆಂಗಸರ ಮಾನ ಕಾಯಲು ನಡೆದದ್ದು), ಊರಳಿವು (ಊರು ಹಾಳಾದಾಗ ನಡೆದದ್ದು). ಒಬ್ಬರು ‘ಮಾಸ್ತಿಕಲ್ಲು’, ಇನ್ನೊಬ್ಬರು ‘ಮಹಾಸತಿಕಲ್ಲು’ ಅಂತ ಹಾಕಿದರೆ ಹುಡುಕಿದಾಗ ಅರ್ಧ ಫೋಟೋಗಳು ಸಿಗುವುದಿಲ್ಲ. ಅದಕ್ಕೆ ಪದಗಳ ಪಟ್ಟಿಯನ್ನು ಮೊದಲೇ ಮಾಡಿಕೊಂಡಿದ್ದೇವೆ.

ನನ್ನ ಪ್ರಶ್ನೆಗಳು ಇಷ್ಟು. ‘ಹದ ಮಾಡು’ ಧಾರವಾಡ, ಕಲಬುರಗಿ, ಕರಾವಳಿ ಕಡೆಯವರ ಕಿವಿಗೆ ಸರಿ ಕೇಳುತ್ತದೆಯೇ? ಮೂಲವನ್ನು ಮುಟ್ಟದೆ, ಮಾಡಿದ್ದನ್ನೆಲ್ಲ ಬರೆದಿಡುವ ಆ ಎಕ್ಸ್‌ಎಂಪಿ ಫೈಲಿಗೆ ‘ಜೊತೆಕಡತ’ ಅಂದಿದ್ದೇನೆ, ಇದಕ್ಕಿಂತ ಒಳ್ಳೆಯದು ಇದೆಯೇ? ಹಾಗೆಯೇ, ಹಳೆಯ ಸ್ಟುಡಿಯೋಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ: ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಮುಖದ ಕಲೆ ಮುಚ್ಚುತ್ತಿದ್ದಿರಲ್ಲ, ‘ಟಚಿಂಗ್’ ಬಿಟ್ಟರೆ ಅದಕ್ಕೆ ನಿಮ್ಮೊಳಗೆ ಕನ್ನಡದ ಮಾತು ಯಾವುದಾದರೂ ಇತ್ತೇ?