ಸೈಡ್ ಎ ಶ್ರುತಿ ಏರಿದೆ, ಸೈಡ್ ಬಿ ಸರಿಯಿದೆ: ತಪ್ಪು ಪ್ಲೇಯರ್‌ದೋ ರೆಕಾರ್ಡ್‌ದೋ?

ಪಿಟೀಲು_ಸರಸ್ವತಿಪುರಂ

ಎಲ್ಲರಿಗೂ ನಮಸ್ಕಾರ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಎಲ್‌ಪಿ, ಎಪ್ಪತ್ತರ ದಶಕದ ಅಚ್ಚು. ಪಿಟೀಲನ್ನು ಟ್ಯೂನರ್ ಇಟ್ಟು ಸೇರಿಸಿಕೊಂಡು ಜೊತೆಗೆ ನುಡಿಸಿದರೆ ಸೈಡ್ ಎ ಪೂರ್ತಿ ಒಂದು ಚೂರು ಏರಿಯೇ ಇರುತ್ತೆ. ಮಗುಚಿ ಹಾಕಿದರೆ ಸೈಡ್ ಬಿ ಕರೆಕ್ಟಾಗಿ ಕೂರುತ್ತೆ. ಪ್ಲೇಯರ್ ಬೆಲ್ಟ್ ಡ್ರೈವ್, ಬೆಲ್ಟ್ ಹೊಸದು, ಕಾರ್ಟ್ರಿಡ್ಜ್ (ಸೂಜಿ ಕೂರುವ ಭಾಗ) ಆಡಿಯೋ-ಟೆಕ್ನಿಕಾ ವಿಎಂ95ಇ. ಮೋಟಾರು ಒಂದು ಸೈಡಿಗೆ ಮಾತ್ರ ಜೋರಾಗಿ ಓಡೋಕೆ ಸಾಧ್ಯವಾ?

ಇನ್ನೊಂದು ವಿಷಯ. ಲಕ್ಷ್ಮೀಪುರಂನ ಹಳೇ ಮನೆಯೊಂದರಲ್ಲಿ ಸುಮಾರು 40 ಜಾಝ್ ಎಲ್‌ಪಿ ಮಾರಾಟಕ್ಕಿವೆ, ಜೊತೆಗೆ ನಿಮಿಷಕ್ಕೆ 78 ಸುತ್ತಿನ ಹಳೇ ರೆಕಾರ್ಡುಗಳ ಒಂದು ಕಟ್ಟು. ಕವರುಗಳಿಗೆ ಬೂಷ್ಟು ಹಿಡಿದಿದೆ. ಅಲ್ಲಿ ಪ್ಲೇಯರ್ ಇಲ್ಲ, ಹಾಕಿ ಕೇಳೋಕಾಗಲ್ಲ. ಕಣ್ಣಲ್ಲೇ ನೋಡಿ ಆರಿಸೋದು ಹೇಗೆ? ತಂದಮೇಲೆ ತೊಳೆಯೋದು ಹೇಗೆ?

ನೂರೆಂಬತ್ತು_ಗೆರೆ

ನಿಮ್ಮ ಕಿವಿಗೆ ನೂರಕ್ಕೆ ನೂರು. ತಪ್ಪು ಪ್ಲೇಯರ್‌ದೂ ಅಲ್ಲ, ರೆಕಾರ್ಡ್‌ದೂ ಅಲ್ಲ, ನ್ಯೂಯಾರ್ಕಿನ ಟೇಪ್ ಮಷೀನಿಂದು. ಆ ಆಲ್ಬಂ ಧ್ವನಿಮುದ್ರಣ ನಡೆದದ್ದು ಕೊಲಂಬಿಯಾದ 30ನೇ ಸ್ಟ್ರೀಟ್ ಸ್ಟುಡಿಯೋದಲ್ಲಿ, ಎರಡು ದಿನ. ಸೈಡ್ ಎಯ ಮೂರೂ ಕೃತಿ 1959ರ ಮಾರ್ಚ್ 2ರಂದು, ಸೈಡ್ ಬಿಯ ಎರಡೂ ಏಪ್ರಿಲ್ 22ರಂದು. ಮಾರ್ಚ್ 2ರಂದು ಮುಖ್ಯ ಟೇಪ್ ಮಷೀನು ನಿಧಾನವಾಗಿ ಓಡಿತ್ತು. ನಿಧಾನವಾಗಿ ತುಂಬಿಕೊಂಡ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದರೆ ಶ್ರುತಿ ಏರಲೇಬೇಕು. ಆ ದಿನ ಪಕ್ಕದಲ್ಲೇ ಓಡುತ್ತಿದ್ದ ಎರಡನೇ ಮಷೀನಿನ ವೇಗ ಸರಿಯಿತ್ತು. ಅದರ ಟೇಪು ಬಳಸಿ ತಿದ್ದಿದ ಆವೃತ್ತಿ ಬಂದದ್ದು 1992ರಲ್ಲಿ. ಅದಕ್ಕೂ ಹಿಂದಿನ ಅಚ್ಚು ಯಾವ ದೇಶದ್ದಾದರೂ ಸೈಡ್ ಎ ಏರಿಯೇ ಇರುತ್ತೆ.

ಹಾಗಂತ ಪ್ಲೇಯರ್‌ಗೆ ಈಗಲೇ ಸರ್ಟಿಫಿಕೇಟ್ ಕೊಡಬೇಡಿ. ನಮ್ಮ 50 ಹರ್ಟ್ಸ್ ಕರೆಂಟ್ ಲೈನಿಗೆ 180 ಗೆರೆಯ ಸ್ಟ್ರೋಬ್ ಚಕ್ರ (ವೇಗ ಪರೀಕ್ಷಿಸುವ ಗೆರೆಗಳ ಕಾಗದದ ಬಿಲ್ಲೆ) ಪ್ರಿಂಟ್ ತೆಗೆದು ರೆಕಾರ್ಡಿನ ನಡುವೆ ಇಡಿ. 216 ಗೆರೆಯದು ಅಮೆರಿಕದ 60 ಹರ್ಟ್ಸಿಗೆ, ಇಲ್ಲಿ ಕೆಲಸಕ್ಕೆ ಬರಲ್ಲ. ಸೂಜಿ ಇಳಿಸಿ, ರೆಕಾರ್ಡ್ ನುಡಿಯುತ್ತಿರುವಾಗಲೇ ನೋಡಬೇಕು, ಸೂಜಿಯ ಎಳೆತವೂ ಲೆಕ್ಕಕ್ಕೆ ಬರಬೇಕಲ್ಲ. ಒಳ್ಳೇ ಎಲ್‌ಇಡಿ ಬಲ್ಬು ಮಿನುಗೋದೇ ಇಲ್ಲ, ಅದರ ಕೆಳಗೆ ಬರೀ ಬೂದು ಪಟ್ಟಿ ಕಾಣುತ್ತೆ. ಹಳೇ ಚೋಕಿನ ಟ್ಯೂಬ್‌ಲೈಟ್ ಬೇಕು, ಅದು ಸೆಕೆಂಡಿಗೆ 100 ಸಲ ಮಿನುಗುತ್ತೆ. ಗೆರೆಗಳು ನಿಂತಂತೆ ಕಂಡರೆ ವೇಗ ಸರಿ. ತಿರುಗುವ ದಿಕ್ಕಿಗೇ ಜಾರಿದರೆ ಜೋರು, ಹಿಂದಕ್ಕೆ ಜಾರಿದರೆ ನಿಧಾನ. ಸೆಕೆಂಡಿಗೆ ಒಂದು ಗೆರೆ ಜಾರಿದರೆ ಶೇ. 1 ವ್ಯತ್ಯಾಸ, ಅಂದರೆ ಸುಮಾರು 17 ಸೆಂಟ್ಸ್ (ಅರ್ಧಸ್ವರದ ನೂರನೇ ಒಂದು ಭಾಗ ಒಂದು ಸೆಂಟ್), ನಿಮ್ಮ ಟ್ಯೂನರಿನಲ್ಲೇ ಕಾಣುವಷ್ಟು. ಹತ್ತು ಸೆಕೆಂಡಿಗೆ ಒಂದೆರಡು ಗೆರೆ ಜಾರಿದರೆ ತಲೆಕೆಡಿಸ್ಕೋಬೇಡಿ. ನಮ್ಮ ಗ್ರಿಡ್ಡಿಗೇ 49.90ರಿಂದ 50.05 ಹರ್ಟ್ಸ್‌ವರೆಗೆ ಆಡಲು ಅವಕಾಶ ಇದೆ.

ಓದುವ ಬೇರೆಯವರಿಗೆ ಒಂದು ಮಾತು. ಮಗ ಅಥವಾ ಅಳಿಯ ಅಮೆರಿಕದಿಂದ ಹಳೇ ಪ್ಲೇಯರ್ ತಂದಿದ್ದು, ಅದರಲ್ಲಿ ಎಸಿ ಸಿಂಕ್ರೊನಸ್ ಮೋಟಾರಿದ್ದರೆ (ಲೈನಿನ ಹರ್ಟ್ಸಿಗೆ ತಕ್ಕಂತೆ ಓಡುವಂಥದ್ದು), ಟ್ರಾನ್ಸ್‌ಫಾರ್ಮರ್ ಹಾಕಿದ ಮಾತ್ರಕ್ಕೆ ಸರಿಹೋಗಲ್ಲ. ಟ್ರಾನ್ಸ್‌ಫಾರ್ಮರ್ ಇಳಿಸೋದು ವೋಲ್ಟೇಜ್ ಮಾತ್ರ, ಹರ್ಟ್ಸ್ ಅಲ್ಲ. 33⅓ರ ಬದಲು 27.8 ಸುತ್ತಿಗೆ ಬಂದು ನಿಲ್ಲುತ್ತೆ. ಮೋಟಾರಿನ ಪುಲ್ಲಿಯನ್ನೇ 50 ಹರ್ಟ್ಸಿನದಕ್ಕೆ ಬದಲಿಸಬೇಕು.

ಸೈಡ್ ಎಗೆ ಪರಿಹಾರ ಕೇಳಿದರೆ: ಪ್ಲೇಯರ್‌ಗೆ ಪಿಚ್ ಕಂಟ್ರೋಲ್ (ವೇಗ ಹೆಚ್ಚುಕಡಿಮೆ ಮಾಡುವ ಗುಂಡಿ) ಇದ್ದರೆ ಇಳಿಸಿ. ಇಲ್ಲದಿದ್ದರೆ ಪಿಟೀಲನ್ನೇ ಒಂದು ಚೂರು ಏರಿಸಿಕೊಳ್ಳಿ. ಮೋಟಾರಿನ ತಳದ ಸ್ಕ್ರೂ ತಿರುಗಿಸಿದರೆ ಸೈಡ್ ಬಿ ಕೆಡುತ್ತೆ.

ಸೂಜಿಮೊನೆ

ಲಕ್ಷ್ಮೀಪುರಂಗೆ ಬೆಳಗ್ಗೆ ಹೋಗಿ. ರೆಕಾರ್ಡನ್ನು ಜಗಲಿಗೆ ತಂದು ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ಟಾರ್ಚ್ ಆದರೆ ಪಕ್ಕದಿಂದ ಬಿಡಿ, ಮೇಲಿಂದ ಬಿಟ್ಟರೆ ಏನೂ ಕಾಣಲ್ಲ. ಮೊದಲು ಹೊಳಪು ನೋಡಿ. ಕಡುಗಪ್ಪಾಗಿ ಹೊಳೆದರೆ ಒಳ್ಳೇದು. ಗೀರು ಒಂದೂ ಇಲ್ಲದೆ ಗ್ರೂವ್ (ಸೂಜಿ ಓಡುವ ಸಣ್ಣ ಕಾಲುವೆ) ಮಾತ್ರ ಬೂದುಬಣ್ಣಕ್ಕೆ ತಿರುಗಿದ್ದರೆ ಬಿಟ್ಟುಬಿಡಿ. ಸೆರಾಮಿಕ್ ಪಿಕಪ್ಪಿನ ಹಳೇ ಪ್ಲೇಯರ್‌ಗಳಲ್ಲಿ 5-6 ಗ್ರಾಂ ಭಾರ ಹಾಕಿ, ಸವೆದ ಸೂಜಿಯಲ್ಲಿ ನುಡಿಸಿದ್ದರ ಗುರುತು ಅದು. ತೊಳೆದರೆ ಧೂಳು ಹೋಗುತ್ತೆ, ಸವೆದ ಗೋಡೆ ವಾಪಸ್ ಬರಲ್ಲ. ಟ್ರಂಪೆಟ್ ಏರಿದ ಕಡೆಯಲ್ಲೆಲ್ಲ ಹರಿದ ಕಾಗದದಂಥ ಸದ್ದು.

ಈ ಸವೆತ ಹೆಚ್ಚಾಗಿ ಸೈಡಿನ ಕೊನೆಯಲ್ಲೇ ಕೇಳಿಸುತ್ತೆ. ಹೊರ ಅಂಚಿನಲ್ಲಿ ಗ್ರೂವ್ ಸೂಜಿಯಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡಿದರೆ ಲೇಬಲ್ ಹತ್ತಿರ ಬರೀ 21. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೂತಿರುತ್ತೆ. ಆದ್ದರಿಂದ ಒಳಗಿನ ಒಂದು ಇಂಚನ್ನು ಹೆಚ್ಚು ಹೊತ್ತು ನೋಡಿ.

ಗೀರಿನ ಮೇಲೆ ಉಗುರನ್ನು ಹಗುರವಾಗಿ ಆಡಿಸಿ. ತಡೆದರೆ ಟಿಕ್ ಟಿಕ್ ಖಂಡಿತ. ಚಿತ್ರಗೀತೆಯಾಗಿದ್ದರೆ ವಾದ್ಯಗಳ ಗದ್ದಲದಲ್ಲಿ ಮುಚ್ಚಿಹೋಗೋದು. ಜಾಝ್‌ನಲ್ಲಿ ಬಾಸ್ ಒಂಟಿಯಾಗಿ ನುಡಿಯುವಾಗ, ಡ್ರಮ್ಮಿನ ಮೇಲೆ ಬ್ರಷ್ ಸವರುವಾಗ ಮುಖಕ್ಕೆ ಹೊಡೆದಂತೆ ಕೇಳುತ್ತೆ. ನಡುತೂತಿನ ಸುತ್ತ ಲೇಬಲ್ ಮೇಲೆ ಕೂದಲೆಳೆಯಂಥ ಗೆರೆ ತುಂಬಿದ್ದರೆ ಬಹಳ ಸಲ ಹಾಕಿದ್ದಾರೆ ಎಂದರ್ಥ. ಕಣ್ಣಿನ ಮಟ್ಟಕ್ಕೆ ಹಿಡಿದು ಸೊಟ್ಟಗಾಗಿದೆಯೇ ನೋಡಿ. ಕವರಿನೊಳಗೆ ಅದೇ ರೆಕಾರ್ಡ್ ಇದೆಯೇ ಅನ್ನೋದನ್ನೂ.

ಕೊನೆಗೆ ಲೇಬಲ್ ಪಕ್ಕದ ಖಾಲಿ ಜಾಗ ಓದಿ. ಅಮೆರಿಕದ ಜಾಝ್ ಕಂಪನಿ ಬ್ಲೂ ನೋಟ್‌ನದಾದರೆ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್‌ನ ಆರ್‌ವಿಜಿ ಗುರುತು, ಜೊತೆಗೆ ಕಿವಿಯಾಕಾರದ ಒಂದು ಸಣ್ಣ ಗೀಟು ಇದ್ದರೆ ಅದು ಪ್ಲಾಸ್ಟಿಲೈಟ್ ಕಾರ್ಖಾನೆಯ ಅಚ್ಚು, 1966ಕ್ಕೂ ಮುಂಚಿನದು. ದುಬಾರಿ ಬೆಲೆ ಕೇಳೋದು ಇದಕ್ಕೇ. ಇಲ್ಲಿ ಸಿಗೋದು ಬಹುಪಾಲು ಗ್ರಾಮಫೋನ್ ಕಂಪನಿ ಆಫ್ ಇಂಡಿಯಾದ ಡಂಡಂ (ಕೋಲ್ಕತ್ತ) ಕಾರ್ಖಾನೆಯ ಅಚ್ಚು. ಕೇಳೋಕೆ ಧಾರಾಳವಾಗಿ ಕೊಳ್ಳಿ, ಅಮೆರಿಕದ ಮೊದಲ ಅಚ್ಚಿನ ಬೆಲೆ ಮಾತ್ರ ಕೊಡಬೇಡಿ.

ಜರ್ಮನಿಯ ರೆಕಾರ್ಡ್ ಕಂಪನಿ ಇಸಿಎಂನವರ 1983ರ 'ಜ್ಯೋತಿ' ಕಣ್ಣಿಗೆ ಬಿದ್ದರೆ ಕವರ್ ಹರಿದಿದ್ದರೂ ತಗೊಳ್ಳಿ: ಚಾರ್ಲಿ ಮರಿಯಾನೊ ಸ್ಯಾಕ್ಸೊಫೋನ್, ಆರ್.ಎ. ರಮಾಮಣಿ ಗಾಯನ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಲಯ. ಪಿಟೀಲಿನವರಿಗೆ ಹೇಳಿ ಮಾಡಿಸಿದ್ದು.

ಅಗ್ರಹಾರದ_ಹಾರ್ನ್

78ರ ಕಟ್ಟನ್ನೂ ಬಿಚ್ಚಿ ನೋಡಿ. ಲಂಡನ್ನಿನಲ್ಲಿ ರಷ್ಯಾ ಮೂಲದ ಸಂಯೋಜಕ ಮೆಟ್ನರ್ ತಾನೇ ಪಿಯಾನೋ ನುಡಿಸಿದ ಎಚ್‌ಎಂವಿ ಆಲ್ಬಂಗಳಿಗೆ ದುಡ್ಡು ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್. ಜಾಝ್ ಅಲ್ಲ, ಗೊತ್ತು. ಆದರೂ ಮೈಸೂರಿನ ಹಳೇ ಮನೆಯಲ್ಲಿ ಸಿಕ್ಕರೆ ಬಿಟ್ಟು ಬರೋದುಂಟೇ?

ಬೂಷ್ಟುವೈರಿ

ತೊಳೆಯೋದರ ಬಗ್ಗೆ. ಬೂಷ್ಟನ್ನು ಮನೆಯೊಳಗೆ ಕೊಡವಬೇಡಿ. ಮಾಸ್ಕ್ ಹಾಕ್ಕೊಂಡು ತಾರಸಿ ಮೇಲೆ, ಮೆತ್ತನೆ ಒಣ ಬ್ರಷ್ಷಿನಲ್ಲಿ ಮೊದಲ ಕೈ. ಒಳಗಿನ ಕಾಗದದ ಕವರ್ ಬಿಸಾಡಿ. ತೊಳೆದ ರೆಕಾರ್ಡನ್ನು ಮತ್ತೆ ಅದರಲ್ಲೇ ತುರುಕಿದರೆ ಮುಂದಿನ ಮಳೆಗಾಲಕ್ಕೆ ಅದೇ ಕಥೆ.

ಅರ್ಧ ಲೀಟರ್ ದ್ರಾವಣಕ್ಕೆ 400 ಮಿ.ಲೀ. ಡಿಸ್ಟಿಲ್ಡ್ ವಾಟರ್, 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್, ಪಾತ್ರೆ ತೊಳೆಯುವ ಬಣ್ಣವಿಲ್ಲದ ಲಿಕ್ವಿಡ್ ಒಂದೇ ತೊಟ್ಟು. ನೀರು ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತೆ, ಆದರೆ ಆಸಿಡ್ ತುಂಬುವ ಲಾಳಿಕೆಯಲ್ಲಿ ಹಾಕಿಸ್ಕೋಬೇಡಿ, ಸೀಲ್ ಇರೋ ಕ್ಯಾನೇ ತನ್ನಿ. ಬೋರ್ ನೀರು ಬೇಡವೇ ಬೇಡ: ಒಣಗಿದಾಗ ಉಪ್ಪು ಗ್ರೂವಿನಲ್ಲೇ ಉಳಿದು ಚಟಪಟ ಶುರು. ಲೇಬಲ್ ಮೇಲೆ 10 ಸೆಂ.ಮೀ. ಅಗಲದ ಡಬ್ಬಿ ಮುಚ್ಚಳ ಬೋರಲು ಹಾಕಿ. ಬ್ರಷ್ಷನ್ನು ಗ್ರೂವಿನ ಗುಂಟ ಸುತ್ತಿಸಿ, ಅಡ್ಡ ಉಜ್ಜಬೇಡಿ. ಎರಡು ನಿಮಿಷ ನೆನೆದ ಮೇಲೆ ಬರೀ ಡಿಸ್ಟಿಲ್ಡ್ ವಾಟರಲ್ಲಿ ಮತ್ತೊಂದು ಕೈ. ಹೆಚ್ಚಿನವರು ಬಿಡೋದು ಈ ಹಂತವನ್ನೇ. ಆಮೇಲೆ ಸೂಜಿಗೆ ಬಿಳಿ ಮೇಣದಂಥದ್ದು ಮೆತ್ತಿಕೊಂಡಿತು ಅಂತ ದೂರು. ಸ್ಪಿರಿಟ್ಟಿಗೆ ಬೆಂಕಿ ಬೇಗ ಹತ್ತುತ್ತೆ, ಒಲೆ, ದೀಪದ ಹತ್ತಿರ ಬೇಡ.

78ಕ್ಕೆ ಈ ದ್ರಾವಣ ಮುಟ್ಟಿಸಬೇಡಿ. ಅದು ಅರಗಿನ ತಟ್ಟೆ, ಆಲ್ಕೋಹಾಲಿಗೆ ಕರಗುತ್ತೆ. ಡಿಸ್ಟಿಲ್ಡ್ ವಾಟರ್, ಒಂದು ತೊಟ್ಟು ಸೋಪು, ಕೂಡಲೇ ಒರೆಸಿ ಒಣಗಿಸಿ. ಈಗಿರುವ ಸೂಜಿಯಲ್ಲಿ ನುಡಿಸಲೂ ಬೇಡಿ, ಅದರ ಸಣ್ಣ ಮೊನೆ 78ರ ಅಗಲವಾದ ಗ್ರೂವಿನ ತಳದಲ್ಲಿ ಒದ್ದಾಡುತ್ತೆ. ವಿಎಂ95ರ ಒಡಲಿಗೆ ಎಸ್‌ಪಿ ಸೂಜಿ ಕೂರುತ್ತೆ, ಮೊನೆ 3 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಭಾರ 5 ಗ್ರಾಂ. ವಾಪಸ್ ಇ ಸೂಜಿ ಹಾಕುವಾಗ 2 ಗ್ರಾಂಗೆ ಇಳಿಸೋದನ್ನ ಮರೆತರೆ ಎಲ್‌ಪಿ ಗತಿ ಅಷ್ಟೇ. ಅಕ್ಕಸಾಲಿಗರ ಥರದ 0.01 ಗ್ರಾಂ ಪುಟ್ಟ ತಕ್ಕಡಿ ಒಂದಿರಲಿ.

ಇಡೋ ಜಾಗ: ಕಡಪ ಕಲ್ಲಿನ ಗೂಡು ಭಾರಕ್ಕೆ ಹೆದರಲ್ಲ, ಆದರೆ ಹಿಂದಿನದು ಹೊರಗೋಡೆಯಾದರೆ ಜೂನ್‌ನಿಂದ ಥಂಡಿ ಹಿಡಿಯುತ್ತೆ. ಗೋಡೆಯಿಂದ ಎರಡು ಇಂಚು ಬಿಟ್ಟು, ನೆಟ್ಟಗೆ ನಿಲ್ಲಿಸಿ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಪ್ಲಾಸ್ಟಿಕ್ಕಿಗೆ ಒಳ್ಳೇದಲ್ಲ.

ಪಿಟೀಲು_ಸರಸ್ವತಿಪುರಂ

ಟ್ಯೂಬ್‌ಲೈಟ್ ಪರೀಕ್ಷೆ ಆಯ್ತು, ಹತ್ತು ಸೆಕೆಂಡಿಗೆ ಒಂದೇ ಗೆರೆ ಮುಂದಕ್ಕೆ. ಬಹಳ ಥ್ಯಾಂಕ್ಸ್. ಕೊನೇ ಪ್ರಶ್ನೆ: ಲೇಬಲ್ ಮೇಲೆ ಮೋನೋ ಅಂತಿರೋ ರೆಕಾರ್ಡ್ ತೊಳೆದ ಮೇಲೂ ಸರಸರ ಅನ್ನುತ್ತೆ. ನಡುವೆ ಒಂದು ಕಡೆ ಒಂದೇ ಲಯದಲ್ಲಿ ಟಿಕ್ ಬೇರೆ.

ಸೂಜಿಮೊನೆ

ಟಿಕ್ಕಿನ ಅಂತರ ಅಳೆಯಿರಿ. 1.8 ಸೆಕೆಂಡಿಗೆ ಒಂದು ಬಂದರೆ ಅಡ್ಡಗೀರು, ಯಾಕಂದ್ರೆ ಒಂದು ಸುತ್ತಿಗೆ ಬೇಕಾದ ಕಾಲ ಅದೇ. ಅದು ಹೋಗಲ್ಲ. ಲೆಕ್ಕವಿಲ್ಲದೆ ಬಂದರೆ ಕೊಳೆ, ಇನ್ನೊಮ್ಮೆ ತೊಳೆಯಿರಿ.

ಸರಸರಕ್ಕೆ ಆಂಪ್ಲಿಫೈಯರಿನ ಮೋನೋ ಗುಂಡಿ ಒತ್ತಿ. ಮೋನೋ ಗ್ರೂವಿನಲ್ಲಿ ಸಂಗೀತ ಇರೋದು ಎಡಬಲ ಅಲುಗಾಟದಲ್ಲಿ ಮಾತ್ರ. ಸ್ಟೀರಿಯೋ ಸೂಜಿ ಮೇಲೆ ಕೆಳಗೆ ಕುಣಿದು ಕೊಳೆಯ ಸದ್ದನ್ನೂ ಎತ್ತುತ್ತೆ. ಎರಡೂ ಚಾನೆಲ್ ಕೂಡಿಸಿದಾಗ ಆ ಮೇಲೆ-ಕೆಳಗಿನ ಸದ್ದು ಒಂದನ್ನೊಂದು ಹೊಡೆದುಹಾಕಿ ಸ್ಯಾಕ್ಸ್ ಮಾತ್ರ ಉಳಿಯುತ್ತೆ. ಗುಂಡಿ ಇಲ್ಲದಿದ್ದರೆ ಆಂಪ್ ಮಾಡೆಲ್ ಹೇಳಿ, ವೈರಿಂಗ್ ಬರೆದು ಹಾಕ್ತೀನಿ.