ಟ್ರೆಂಡೆಲೆನ್‌ಬರ್ಗ್‌ನಲ್ಲಿ ಕೆಟ್ಟಿರೋದು ಯಾವ ಸೈಡು? ಒಎಮ್‌ಎಮ್ (ಆಸ್ಟಿಯೋಪಥಿಕ್, ಅಂದ್ರೆ ಕೈಯಿಂದ ಮಾಡೋ ಪರೀಕ್ಷೆ, ಚಿಕಿತ್ಸೆ) ಪ್ರಾಕ್ಟಿಕಲ್‌ಗೆ ಸ್ವಲ್ಪ ಸಹಾಯ ಮಾಡಿ

ಸಾಗರದ_ಹುಡುಗಿ:
ಎಲ್ರಿಗೂ ನಮಸ್ಕಾರ. ಊರು ಸಾಗರದ ಹತ್ರ, ಈಗ ಅಮೆರಿಕದಲ್ಲಿ ಡಿಓ ಫಸ್ಟ್ ಇಯರ್ ಓದ್ತಿದೀನಿ. ಮುಂದಿನ ವಾರ ಆಸ್ಟಿಯೋಪಥಿಕ್ ಪ್ರಾಕ್ಟಿಕಲ್ ಇದೆ, ಸೊಂಟ, ಹಿಪ್ಪು, ಮಂಡಿ ಮೂರೂ ಬರುತ್ತೆ. ಮಸಲ್ಲು, ನರ್ವು, ರೂಟ್ ವ್ಯಾಲ್ಯೂ ಎಲ್ಲಾ ಕೇಳಿದ್ರೆ ಹೇಳ್ತೀನಿ, ಆದ್ರೆ ಲ್ಯಾಬಲ್ಲಿ ಪಾರ್ಟ್ನರ್ ಹಿಂದೆ ನಿಂತ್ಕೊಂಡು ಟೆಸ್ಟ್ ಮಾಡೋವಾಗ ಎಡ ಬಲ ಎಲ್ಲಾ ಕಲಸಿಹೋಗುತ್ತೆ. ಒಂದು ಕಾಲ ಮೇಲೆ ನಿಲ್ಲಿಸಿ ಹಿಪ್ ನೋಡೋ ಟ್ರೆಂಡೆಲೆನ್‌ಬರ್ಗ್‌ನಲ್ಲಿ ಪೆಲ್ವಿಸ್ (ಸೊಂಟದ ಕೆಳಗಿನ ಮೂಳೆ ಚೌಕಟ್ಟು) ಇಳಿಯೋದು ಒಂದು ಕಡೆ, ತೊಂದರೆ ಇನ್ನೊಂದು ಕಡೆ. ನಿಂತು ಮುಂದಕ್ಕೆ ಬಗ್ಗಿಸೋ ಸ್ಟ್ಯಾಂಡಿಂಗ್ ಫ್ಲೆಕ್ಷನ್ ಟೆಸ್ಟಲ್ಲಿ ಪಿಎಸ್‌ಐಎಸ್ (ಸೊಂಟದ ಹಿಂದೆ ಎರಡೂ ಕಡೆ ಕೈಗೆ ಸಿಗೋ ಮೂಳೆ ಉಬ್ಬು) ಮೊದಲು ಎದ್ದ ಕಡೆಯೇ ತೊಂದರೆ ಅಂತಾರೆ. ಅದೂ ಅಲ್ದೆ ಆ ಪಿಎಸ್‌ಐಎಸ್ ಮೂಳೆ ನಿಜವಾಗ್ಲೂ ಎದ್ದಿದ್ದಾ ಇಲ್ವಾ ಅಂತಾನೇ ನಂಗೆ ಗೊತ್ತಾಗಲ್ಲ, ಪಕ್ಕದ ಟೇಬಲ್‌ನವರು ಅದೇ ಹುಡುಗನ್ನ ನೋಡಿ ಉಲ್ಟಾ ಸೈಡ್ ಹೇಳ್ತಾರೆ. ಇನ್ನು ಮಂಡಿಯ ಲಿಗಮೆಂಟ್ ನೋಡೋ ಲ್ಯಾಕ್‌ಮನ್ ಟೆಸ್ಟು, ನನ್ ಕೈ ಚಿಕ್ಕದು, ತೊಡೆ ಸರಿಯಾಗಿ ಹಿಡಿಯೋಕೇ ಆಗಲ್ಲ. ಬಾಯಿಪಾಠ ಮಾಡದೆ ಅರ್ಥ ಮಾಡ್ಕೊಳ್ಳೋ ದಾರಿ ಇದ್ರೆ ಹೇಳಿ ಪ್ಲೀಸ್.

ಎಲುಬು_ಕೀಲು_ಹುಬ್ಬಳ್ಳಿ:
ನೋಡು ತಂಗಿ, ಟೆಸ್ಟಿನ ಹೆಸರು ಬಾಜೂಕ್ಕಿಡು, ಮೊದ್ಲ ಒಂದ ಕಾಲ ಮ್ಯಾಲ ನಿಂತಾಗ ಏನಾಗ್ತೈತಿ ಅನ್ನೂದು ತಿಳ್ಕೋ. ಬಲಗಾಲ ಮ್ಯಾಲ ನಿಂತು ಎಡಗಾಲ ಎತ್ತಿದಿ ಅಂದ್ರ ಮೈಭಾರ ಬಲ ಹಿಪ್ಪಿನ ಒಳಬಾಜೂಕ ಬೀಳ್ತೈತಿ, ಹಂಗಾಗಿ ಪೆಲ್ವಿಸ್ ಎಡಕ್ಕ ಜೋಲಾಕ ನೋಡ್ತೈತಿ. ಅದನ್ನ ಹಿಡದು ನಿಲ್ಲಸೂದು ಬಲಗಡೆ ಗ್ಲೂಟಿಯಸ್ ಮೀಡಿಯಸ್ಸು, ಮಿನಿಮಸ್ಸು, ಹಿಪ್ಪಿನ ಹೊರಬಾಜೂದ ಅಬ್ಡಕ್ಟರ್ ಮಸಲ್ಲು. ಒಂದ್ ತೋಳು ಉದ್ದ ಒಂದ್ ತೋಳು ಗಿಡ್ಡ ಇರೋ ತಕ್ಕಡಿ ಇದ್ದಂಗ ಅದು, ಮಸಲಿನ ಕಡೆ ತೋಳು ಗಿಡ್ಡ. ಲೆಕ್ಕ ಹಾಕೇ ನೋಡು. 60 ಕೆಜಿ ಮನಿಷಾ, ನಿಂತ ಕಾಲಿಂದ 10 ಕೆಜಿ ತಗದ್ರ ಉಳದದ್ದು 50. ಆ 50 ಕೆಜಿ ಬೀಳೂದು ಕೀಲಿನಿಂದ ಸುಮಾರು 10 ಸೆಂಟಿಮೀಟರ್ ದೂರ, ಮಸಲ್ ಎಳಿಯೂದು ಸುಮಾರು 5 ಸೆಂಟಿಮೀಟರ್ ದೂರ. 50 ಇಂಟು 10, 500, ಅದನ್ನ 5ಲೆ ಭಾಗಿಸಿದ್ರ ಮಸಲ್ 100 ಕೆಜಿ ಜೋರಿಲೆ ಎಳೀಬೇಕು, ಕೀಲಿನ ಮ್ಯಾಲ ಬೀಳೂದು 100 ಕೂಡಿಸು 50, 150 ಕೆಜಿ, ಮೈತೂಕದ ಎರಡೂವರೆ ಪಟ್ಟು. ಬರೇ ನಿಂತಿದ್ದಕ್ಕ ಇಷ್ಟು.

ಈಗ ನೀನೇ ಹೇಳು, ಬಲಗಾಲ ಮ್ಯಾಲ ನಿಂತಾಗ ಪೆಲ್ವಿಸ್ ಎಡಕ್ಕ ಇಳದ್ರ ಕೈಕೊಟ್ಟದ್ದು ಯಾವ ಕಡೆ? ನಿಂತ ಕಾಲಿಂದು. ನಿಂತ ಕಾಲನ್ನ ನಾವು ಪರೀಕ್ಷೆ ಮಾಡಾಕತ್ತೇವಿ, ಎತ್ತಿದ ಕಾಲನ್ನಲ್ಲ, ಇಷ್ಟ ತಲ್ಯಾಗ ಇದ್ರ ಎಡ ಬಲ ಎಂದೂ ತಪ್ಪೂದಿಲ್ಲ.

ಇನ್ನೊಂದು, ಪಾಸಿಟಿವ್ ಬಂದ ಕೂಡ್ಲೆ ಮಸಲ್ ವೀಕ್ ಅಂತ ಬರದು ಕೈ ತೊಳ್ಕೋಬ್ಯಾಡ. ನಮ್ಮ ಕಡೆ ಆರ್ಥೋ ಪೋಸ್ಟಿಂಗಿನಾಗ ಮೂರು ಕೇಳ್ತಾರ: ಫಲ್ಕ್ರಮ್, ಲಿವರ್, ಪವರ್. ಫಲ್ಕ್ರಮ್ ಅಂದ್ರ ಬಟ್ಟಲದಾಗ ಕುಂತ ತೊಡಿ ಎಲುಬಿನ ತಲಿ, ಹುಟ್ಟಿದಾಗಿಂದ ಹಿಪ್ ಜಾರಿರೋ ಕೂಸಿಗೆ ಅದ ಇಲ್ಲ. ಲಿವರ್ ಅಂದ್ರ ಎಲುಬಿನ ಕುತ್ತಿಗಿ, ಕುತ್ತಿಗಿ ಮುರದು ಕೂಡದ ಹಂಗ ಉಳದವ್ರಿಗೆ, ಕಾಕ್ಸಾ ವೇರಾ (ಕುತ್ತಿಗಿ ಆಂಗಲ್ ಕಡಿಮಿ) ಇದ್ದವ್ರಿಗೆ ಅದ ಹೋಗಿರತೈತಿ. ಪವರ್ ಅಂದ್ರ ಮಸಲ್ಲು ಮತ್ತ ಅದರ ಸುಪೀರಿಯರ್ ಗ್ಲೂಟಿಯಲ್ ನರ್ವು, ಪೋಲಿಯೋ ಆದವ್ರಾಗ ಇದನ್ನ ಭಾಳ ನೋಡೇವಿ. ಟೆಸ್ಟ್ ಒಂದ, ಕೆಟ್ಟ ಜಾಗ ಮೂರು. ಮುಂದ ಕೈ ಇಡಬೇಕಾದದ್ದು, ಎಕ್ಸರೇ ಬರೀಬೇಕಾದದ್ದು ಎಲ್ಲಾ ಅದರ ಮ್ಯಾಲ ನಿಂತೈತಿ.

ಮಾಡೂವಾಗ ಎತ್ತೋ ಕಾಲಿನ ತೊಡಿ 30 ಡಿಗ್ರಿಗಿಂತ ಮ್ಯಾಲ ಎತ್ತಾಕ ಬಿಡಬ್ಯಾಡ, ಮಂಡಿ ಹಿಂದಕ್ಕ ಮಡಚಲಿ. ತೊಡಿ ಹೊಟ್ಟಿ ಮಟ ಎತ್ತಿದ್ರ ಪೆಲ್ವಿಸ್ ತಾನ ಮ್ಯಾಲ ಏಳತೈತಿ, ವೀಕ್ ಇದ್ದದ್ದು ಮುಚ್ಚಿ ಹೋಗ್ತೈತಿ. ಮತ್ತ 30 ಸೆಕೆಂಡ್ ನಿಲ್ಲಸು. ಭಾಳ ಮಂದಿ ಎರಡ ಸೆಕೆಂಡಿಗೆ ನೆಗೆಟಿವ್ ಅಂತಾರ, ದಣದ ಮ್ಯಾಲ ಇಳಿಯೂದು ಅವ್ರ ಕಣ್ಣಿಗೆ ಬೀಳೂದಿಲ್ಲ.

ಸಾಗರದ_ಹುಡುಗಿ:
ಸರ್, ತುಂಬಾ ಥ್ಯಾಂಕ್ಸ್, ಲೆಕ್ಕ ನಾನೂ ಬರ್ದು ನೋಡ್ದೆ, ಈಗ ಕೂತ್ಕೊಳ್ತು. ಹಾಗಾದ್ರೆ ಕೋಲು ನೋವಿರೋ ಕಡೆಗಲ್ಲ, ಎದುರು ಕೈಯಲ್ಲಿ ಹಿಡೀಬೇಕು ಅನ್ನೋದಕ್ಕೂ ಇದೇ ಕಾರಣಾನಾ?

ಎಲುಬು_ಕೀಲು_ಹುಬ್ಬಳ್ಳಿ:
ಹೌದವಾ, ಅದ. ಬಲ ಹಿಪ್ ನೋವು, ಕೋಲು ಎಡಗೈಯಾಗ, ಕೀಲಿನಿಂದ 30 ಸೆಂಟಿಮೀಟರ್ ದೂರ ಅನ್ನು, ಊರಿದ್ದು ಬರೇ 5 ಕೆಜಿ. 5 ಇಂಟು 30, 150. ಮೊದ್ಲಿನ 500ರಾಗ 150 ಹೋದ್ರ 350, ಅದನ್ನ 5 ಸೆಂಟಿಮೀಟರಿಲೆ ಭಾಗಿಸಿದ್ರ ಮಸಲ್ 70 ಎಳದ್ರ ಸಾಕು. ಮೈಭಾರ 50ರಾಗ ಕೋಲು 5 ಹೊತ್ತದ್ದಕ್ಕ 45 ಉಳೀತು, ಅದಕ್ಕ 70 ಕೂಡಿಸಿದ್ರ ಕೀಲಿನ ಮ್ಯಾಲ 150 ಇದ್ದದ್ದು 115ಕ್ಕ ಬಂತು. ಐದ ಕೆಜಿ ಊರಿದ್ದಕ್ಕ 35 ಕೆಜಿ ಇಳೀತು. ನೋವಿದ್ದ ಕಡೆ ಕೈಯಾಗ ಹಿಡದ್ರ ತೋಳು ಗಿಡ್ಡ ಆಗಿ ಇಷ್ಟು ಲಾಭ ಸಿಗೂದಿಲ್ಲ. ಕೋಲು ಇಲ್ದವ್ರು ನೋವಿನ ಕಡೆ ಮೈ ವಾಲಿಸಿ ನಡೀತಾರಲಾ, ಅವ್ರೂ ಭಾರನ್ನ ಕೀಲಿನ ಸಮೀಪ ತಂದು ಇದ ಲೆಕ್ಕಾನ ಮೈಯಿಂದ ಮಾಡಾಕತ್ತಾರ. ಹಂಗಾಗಿ ಪೇಶಂಟ್ ಬಾಗಿಲದಾಗ ಬರೂವಾಗನ ನಡಿಗಿ ನೋಡು.

ಕುತೂಹಲಿ_ಮಂಡ್ಯ:
ಮಧ್ಯ ಬಂದಿದ್ದಕ್ಕೆ ಬೇಜಾರ್ ಮಾಡ್ಕೋಬೇಡಿ, ಈ ಡಿಓ ಅಂದ್ರೆ ಡಾಕ್ಟ್ರೇನಾ ಇಲ್ಲ ಫಿಸಿಯೋ ತರ ಕೋರ್ಸಾ?

ಡಿಓ_ರೆಸಿಡೆಂಟ್_ಅಕ್ಕ:
ಅಮೆರಿಕದಲ್ಲಿ ಪೂರ್ತಿ ಡಾಕ್ಟ್ರೇ, ಔಷಧಿ ಬರೀಬಹುದು, ಸರ್ಜರಿ ಮಾಡ್ಬಹುದು, ಎಂಡಿಗಳ (ಅಲ್ಲಿ ಎಂಡಿ ಅಂದ್ರೆ ನಮ್ಮ ಎಂಬಿಬಿಎಸ್ ತರದ ಡಿಗ್ರಿ) ಜೊತೇಲೇ ರೆಸಿಡೆನ್ಸಿ. ಬ್ರಿಟನ್ನು, ಆಸ್ಟ್ರೇಲಿಯಾ ಕಡೆ ಆಸ್ಟಿಯೋಪಾತ್ ಅಂದ್ರೆ ಬೇರೆ, ಅವ್ರು ಕೈಯಿಂದ ಚಿಕಿತ್ಸೆ ಮಾಡೋರು, ಎಂಬಿಬಿಎಸ್ ತರ ಅಲ್ಲ. ಆಂಡ್ರ್ಯೂ ಟೇಲರ್ ಸ್ಟಿಲ್ ಅನ್ನೋರು 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಸ್ಕೂಲ್ ಶುರು ಮಾಡಿದ್ರು.

ಫಿಸಿಯೋ_ಕುಡ್ಲ:
ಸ್ಟ್ಯಾಂಡಿಂಗ್ ಫ್ಲೆಕ್ಷನ್ ಬಗ್ಗೆ ನಾನು ಹೇಳ್ತೇನೆ, ಹಿಪ್ ಬಗ್ಗೆ ಡಾಕ್ಟ್ರು ಚಂದ ಹೇಳಿದ್ದಾರೆ. ಪಕ್ಕದ ಟೇಬಲ್‌ನವರಿಗೆ ಉಲ್ಟಾ ಬಂದದ್ದು ನಿಮ್ಮ ಕೈಯ ದೋಷ ಅಂತ ತಲೆಬಿಸಿ ಮಾಡ್ಬೇಡಿ ಮಾರ್ರೆ. ಎಸ್‌ಐ ಜಾಯಿಂಟ್ (ಬೆನ್ನಿನ ಬುಡದ ಸೇಕ್ರಮ್ ಮೂಳೆಯೂ ಪೆಲ್ವಿಸಿನ ಇಲಿಯಮ್ ಮೂಳೆಯೂ ಸೇರುವ ಕೀಲು) ಅಲ್ಲಾಡುವುದೇ ಕೆಲವು ಡಿಗ್ರಿ, ಒಂದೆರಡು ಮಿಲಿಮೀಟರು, ಅದೂ ಚರ್ಮ, ಕೊಬ್ಬು ಎಲ್ಲ ದಾಟಿ ಹೆಬ್ಬೆರಳಿಗೆ ಗೊತ್ತಾಗ್ಬೇಕು. ಇಬ್ಬರು ಪರೀಕ್ಷಕರ ಉತ್ತರ ಹೊಂದುವುದು ಈ ಟೆಸ್ಟಲ್ಲಿ ಕಡಿಮೆ ಅಂತ ರಿಸರ್ಚಲ್ಲೂ ಮತ್ತೆ ಮತ್ತೆ ಬಂದದ್ದು ಉಂಟು. ಅದಕ್ಕಿಂತ ಒತ್ತಿದರೆ ನೋವು ಉಂಟಾ ಅನ್ನುವುದರಲ್ಲಿ ಹೆಚ್ಚು ಹೊಂದ್ತದೆ.

ಆದ್ರೂ ಪರೀಕ್ಷೆಗೆ ಬೇಕಲ್ಲ, ಹಾಗಾಗಿ ಮಾಡುವ ಕ್ರಮ ಸರಿ ಇರ್ಲಿ. ಕೂತು ನಿಮ್ಮ ಕಣ್ಣು ಪಿಎಸ್‌ಐಎಸ್ ಮಟ್ಟಕ್ಕೆ ತನ್ನಿ, ಹೆಬ್ಬೆರಳನ್ನು ಮೂಳೆಯ ಮೇಲೆ ಅಲ್ಲ, ಅದರ ಕೆಳಗಿನ ಇಳಿಜಾರಿಗೆ ಮೇಲ್ಮುಖವಾಗಿ ಒತ್ತಿ ಇಡಿ, ಇಲ್ಲದಿದ್ರೆ ಬಗ್ಗುವಾಗ ಚರ್ಮ ಜಾರಿ ಮೂಳೆ ಕೈತಪ್ಪಿ ಹೋಗ್ತದೆ. ಕೊನೆಗೆ ಯಾವುದು ಹೆಚ್ಚು ಮೇಲೆ ಹೋಯ್ತು ನೋಡಿ. ಅದೇ ಸೈಡ್ ಯಾಕೆ ಅಂದ್ರೆ, ಸರಿ ಇರುವ ಕಡೆ ಸೇಕ್ರಮ್ ಸ್ವಲ್ಪ ಮುಂದೆ ಹೋದ ಮೇಲೆ ಇಲಿಯಮ್ ಹಿಂಬಾಲಿಸ್ತದೆ, ಬಿಗಿದ ಕಡೆ ಎರಡೂ ಒಟ್ಟಿಗೇ ಎದ್ದುಬಿಡ್ತದೆ ಅಂತ ನಿಮ್ಮ ಪುಸ್ತಕದ ವಿವರಣೆ. ಇನ್ನೊಂದು ಕಾಲಿನ ಹ್ಯಾಮ್‌ಸ್ಟ್ರಿಂಗ್ (ತೊಡೆ ಹಿಂದಿನ ಮಸಲ್) ಬಿಗಿ ಇದ್ದರೂ ಆ ಕಡೆ ಮೂಳೆ ಕೆಳಗೇ ಎಳೆದು ಹಿಡಿದು ಈ ಕಡೆಯದ್ದು ಎದ್ದ ಹಾಗೆ ಕಾಣ್ತದೆ, ಅದಕ್ಕೇ ಕೂರಿಸಿ ಇನ್ನೊಮ್ಮೆ ಮಾಡಿಸುವುದು, ಕೂತಾಗ ಕಾಲಿನ ಎಳೆತ ಹೋಗ್ತದೆ.

ಕ್ಲಿನಿಕ್‌ನಲ್ಲಿ ನಾನು ನಿಜಕ್ಕೂ ನಂಬುವುದು ನೋವು ಬರಿಸುವ ಟೆಸ್ಟುಗಳನ್ನು. ಥೈ ಥ್ರಸ್ಟ್, ಕಂಪ್ರೆಷನ್, ಡಿಸ್ಟ್ರಾಕ್ಷನ್, ಸೇಕ್ರಲ್ ಥ್ರಸ್ಟ್, ಗೇನ್ಸ್ಲೆನ್, ಇವುಗಳಲ್ಲಿ ಮೂರೋ ಹೆಚ್ಚೋ ಟೆಸ್ಟಲ್ಲಿ ಅವರದ್ದೇ ಹಳೆ ನೋವು ಎದ್ದರೆ ಎಸ್‌ಐ ಮೇಲೆ ಅನುಮಾನ ಗಟ್ಟಿ. ಒಂದೇ ಬಂದ್ರೆ ಏನೂ ಹೇಳ್ಲಿಕ್ಕೆ ಆಗುದಿಲ್ಲ.

ಇನ್ನೊಂದು ನಮ್ಮೂರಿನ ಪೇಶಂಟ್ ಅಲ್ಲಿ ಸಿಕ್ಕಿದ್ರೆ ಕೇಳಿ, ಚಕ್ಕಳಮಕ್ಕಳ ಕೂರ್ಲಿಕ್ಕೆ ಆಗ್ತದಾ ಅಂತ. ಆ ಕೂರುವ ಭಂಗಿಯಲ್ಲೇ ಫೇಬರ್ ಟೆಸ್ಟಿನ ಮೂರೂ ಚಲನೆ ಉಂಟು, ತೊಡೆ ಮಡಚಿ, ಅಗಲಿಸಿ, ಹೊರಕ್ಕೆ ತಿರುಗಿಸಿ. "ಊಟಕ್ಕೆ ನೆಲಕ್ಕೆ ಕೂರ್ಲಿಕ್ಕೆ ಆಗುದಿಲ್ಲ, ಈಗ ಕುರ್ಚಿಯೇ" ಅಂತ ಒಬ್ಬ ಅಜ್ಜಿ ಹೇಳಿದ್ರೆ ಹಿಪ್ ನೋಡದೆ ಕಳಿಸ್ಬೇಡಿ. ಮಂಡಿ ನೋವು ಅಂತ ಬಂದವರದ್ದೂ ಹಿಪ್ ಒಳಕ್ಕೆ ತಿರುಗಿಸಿ ನೋಡಿ, ಹಿಪ್ ಸವೆತದಲ್ಲಿ ಸಾಮಾನ್ಯವಾಗಿ ಮೊದಲು ಕಡಿಮೆಯಾಗುವುದು ಆ ತಿರುವು.

ಡಿಓ_ರೆಸಿಡೆಂಟ್_ಅಕ್ಕ:
ಫಿಸಿಯೋ ಅವ್ರು ಹೇಳಿದ್ದು ನೂರಕ್ಕೆ ನೂರು. ಲ್ಯಾಕ್‌ಮನ್‌ಗೆ ಬರ್ತೀನಿ ಪುಟ್ಟಾ. ಕೈ ಚಿಕ್ಕದಿದ್ರೆ ನಿನ್ನ ಮಂಡಿನೇ ಟೇಬಲ್ ಮೇಲಿಟ್ಟು ಪಾರ್ಟ್ನರ್ ತೊಡೆ ಅದರ ಮೇಲೆ ಹಾಕ್ಕೋ, ಮೇಲಿಂದ ಒಂದು ಕೈಯಿಂದ ತೊಡೆ ಒತ್ತಿ ಹಿಡಿ, ಈಗ ತೊಡೆ ಅಲ್ಲಾಡಲ್ಲ, ಇನ್ನೊಂದು ಕೈಗೆ ಕೆಳಗಿನ ಕಾಲು ಮುಂದಕ್ಕೆ ಎಳೆಯೋ ಕೆಲಸ ಒಂದೇ. ಮಂಡಿ 20ರಿಂದ 30 ಡಿಗ್ರಿ. 90ಕ್ಕೆ ಮಡಚಿ ಎಳೆಯೋ ಡ್ರಾಯರ್ ಟೆಸ್ಟ್ ಮಾಡಿದ್ರೆ ಹ್ಯಾಮ್‌ಸ್ಟ್ರಿಂಗ್ ನೇರ ಹಿಂದಕ್ಕೆ ಎಳೆಯೋ ಆಂಗಲ್‌ನಲ್ಲಿ ಇರುತ್ತೆ, ನೋವಿರೋನು ಸ್ವಲ್ಪ ಬಿಗಿ ಹಿಡಿದ್ರೂ ಹರಿದ ಎಸಿಎಲ್ (ಮಂಡಿ ಒಳಗಿನ ಮುಂದಿನ ಲಿಗಮೆಂಟ್) ಮುಚ್ಚಿಹೋಗುತ್ತೆ, 25ರ ಹತ್ರ ಆ ಎಳೆತಕ್ಕೆ ಅಷ್ಟು ಬಲ ಇರಲ್ಲ. ಆದ್ರೆ ಎಳೆಯೋ ಮುಂಚೆ ಹ್ಯಾಮ್‌ಸ್ಟ್ರಿಂಗ್ ಮುಟ್ಟಿ ನೋಡು, ಗಟ್ಟಿ ಇದ್ರೆ ಮಾತಾಡಿಸು, ಊಟ ಆಯ್ತಾ ಅಂತ ಕೇಳು, ಸಡಿಲ ಆದ್ಮೇಲೇ ಎಳಿ. ನಿನ್ನ ಪಾರ್ಟ್ನರ್‌ದು ಚೆನ್ನಾಗಿರೋ ಮಂಡಿ, ಸೋ ಅಲ್ಲಿ ಹುಡುಕಬೇಕಾಗಿರೋದು ಕೊನೇಲಿ ಟಕ್ ಅಂತ ನಿಲ್ಲೋ ಎಂಡ್ ಪಾಯಿಂಟ್. ಅದನ್ನ ಸಿಕ್ಕಿದವರ ಮಂಡೀಲೆಲ್ಲಾ ನೋಡು, ಯಾವಾಗ್ಲೂ ಎರಡೂ ಕಾಲು, ಹಾಗೆ ಮಾಡಿದ್ರೆ ಮಾತ್ರ, ಎಸಿಎಲ್ ಹರಿದಿರೋ ಮಂಡೀಲಿ ಅದು ಇಲ್ಲದಿರೋದು ಕೈಗೆ ಗೊತ್ತಾಗೋದು.

ಇನ್ನೊಂದು ವಿಷ್ಯ, ನಮ್ಮ ಕಾಲಕ್ಕೆ ಡಿಓ ಲೈಸೆನ್ಸಿಗೆ ಕಾಮ್ಲೆಕ್ಸ್ ಲೆವೆಲ್ 2 ಪಿಇ ಅಂತ ಫಿಲಡೆಲ್ಫಿಯಾ ಕಡೆಗೋ ಶಿಕಾಗೋಗೋ ಹೋಗಿ ಪೇಶಂಟ್ ನೋಡೋ ಪರೀಕ್ಷೆ ಇತ್ತು, ಕೋವಿಡ್‌ನಲ್ಲಿ ನಿಲ್ತು, 2022ರಲ್ಲಿ ಪೂರ್ತಿ ತೆಗೆದುಹಾಕಿದ್ರು. ಈಗ ನಿನ್ನ ಕೈ ನೋಡೋರು ನಿನ್ನ ಸ್ಕೂಲಿನವರೇ, ಹಾಗಾಗಿ ಈ ಲ್ಯಾಬ್ ಪ್ರಾಕ್ಟಿಕಲ್‌ನ ಸೀರಿಯಸ್ಸಾಗಿ ತಗೊಂಡಿರೋದು ಒಳ್ಳೇದೇ. ಎಕ್ಸಾಮಿನರ್ ಎದುರು ಬರೀ ಪಾಸಿಟಿವ್ ಅನ್ಬೇಡ, ಪೂರ್ತಿ ವಾಕ್ಯ ಹೇಳು: "ಬಲಗಾಲ ಮೇಲೆ ನಿಂತಾಗ ಪೆಲ್ವಿಸ್ ಎಡಕ್ಕೆ ಇಳೀತು, ಸೋ ಬಲ ಅಬ್ಡಕ್ಟರ್‌ಗಳು ಹಿಡೀತಿಲ್ಲ."

ಸಾಗರದ_ಹುಡುಗಿ:
ಅಕ್ಕಾ, ನಿಮ್ಮ ಮಂಡಿ ಐಡಿಯಾ ಇವತ್ತೇ ಲ್ಯಾಬಲ್ಲಿ ಟ್ರೈ ಮಾಡ್ದೆ, ಆ ಟಕ್ ಸಿಕ್ತು, ಎರಡೂ ಕಾಲಲ್ಲಿ. ನಾಳೆ ಬೇರೆ ಬೇರೆಯವರ ಮಂಡಿ ಕೇಳ್ತೀನಿ.